ದಾರಿಯ ಕಾವಲುಗಾರನು

(ಓದತಕ್ಕ ವೇದಭಾಗಗಳು: ಎಜ್ರನು 8:21–36, ಕೀರ್ತನೆ 121, ಅಪೊಸ್ತಲರ ಕೃತ್ಯಗಳು 27)



ನಮ್ಮ ಬೀದರ ಸೀಮೆಯಲ್ಲಿ, ಔರಾದದ ಕಡೆಗೆ, ಠಾಣಾ ಕುಶನೂರ ಎಂಬ ಊರುಂಟು. ಠಾಣೆ ಎಂದರೆ ಕಾವಲಿನವರು ಕೂತಿರುವ ಸ್ಥಳವೆಂದು ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಕಾವಲಿನ ಹೆಸರನ್ನು ಹೊತ್ತ ಊರಿನವರಾದರೂ ದಾರಿಗೆ ಹೊರಟ ಮೇಲೆ ಅಪಾಯಕ್ಕೆ ಹೊರಗಾದವರಲ್ಲ. ಬೀದರಕ್ಕಾಗಲಿ ಭಾಲ್ಕಿಗಾಗಲಿ ಹೋಗಬೇಕಾದರೆ ಮಾಂಜ್ರಾ ನದಿಯನ್ನು ದಾಟಬೇಕು. ಮಳೆಗಾಲದಲ್ಲಿ ಎರೆಯ ನೆಲವು ಕಾಲನ್ನೂ ಗಾಲಿಯನ್ನೂ ಹಿಡಿದುಕೊಳ್ಳುವದು. ನಿನ್ನೆ ಒಣಗಿದ್ದ ಹಳ್ಳವು ಇಂದು ಬೆಳಗಾಗುವಷ್ಟರಲ್ಲಿ ಸೇತುವೆಯ ಮೇಲೆ ಹರಿಯುವದು. ತೊಗರಿ ಸೋಯಾಗಳ ರಾಶಿ ಮುಗಿದ ಮೇಲೆ ನಮ್ಮಲ್ಲಿ ಅನೇಕರು ಕಬ್ಬು ಕಡಿಯುವದಕ್ಕೂ ಕಟ್ಟಡದ ಕೆಲಸಕ್ಕೂ ಹೈದರಾಬಾದ, ಪುಣೆ, ಮುಂಬಯಿಗಳಿಗೆ ಹೋಗುತ್ತಾರೆ. ಹೆಂಡತಿ ಮಕ್ಕಳನ್ನೂ ಪಾತ್ರೆ ಹಾಸಿಗೆಗಳನ್ನೂ ಒಂದೇ ಗಾಡಿಯಲ್ಲಿ ತುಂಬಿಕೊಂಡು ರಾತ್ರಿಯೆಲ್ಲಾ ಪ್ರಯಾಣ ಮಾಡುತ್ತಾರೆ. ಮನೆಯಲ್ಲಿ ಉಳಿದ ಮುದುಕರು ಬಾಗಿಲಲ್ಲಿ ಕೂತು, ತಲಪಿದೆವೆಂಬ ಮಾತು ಬರುವ ತನಕ ಅನ್ನ ಮುಟ್ಟುವದಿಲ್ಲ.

ಈ ಅಂಜಿಕೆಯು ನಮ್ಮ ಸೀಮೆಗೆ ಹೊಸದಲ್ಲ. ಬೀದರವು ನಿಜಾಮರ ಆಳಿಕೆಯಲ್ಲಿದ್ದಾಗ, 1948ನೆಯ ವರುಷದ ಗಲಭೆಯಲ್ಲಿ, ಒಂದೂರಿನಿಂದ ಇನ್ನೊಂದೂರಿಗೆ ಹೋಗುವದಕ್ಕೂ ಜನರು ಹೆದರಿದರು. ಆ ಸೆಪ್ಟೆಂಬರ ತಿಂಗಳ 13ರಿಂದ 17ರ ವರೆಗೆ ಪೋಲೀಸ ಕಾರ್ಯಾಚರಣೆಯು ನಡೆಯಿತು; ಅದಕ್ಕೆ ಮುಂಚೆ ಒಂದು ಪಂಗಡದವರು ದಾರಿಯಲ್ಲಿ ನಡುಗಿದರು, ಅದರ ತರುವಾಯ ಇನ್ನೊಂದು ಪಂಗಡದವರು ನಡುಗಿದರು. ತಿರಿಗಿ 2020ನೆಯ ವರುಷದ ಮಾರ್ಚ್ 25ರಿಂದ ರೋಗದ ನಿಮಿತ್ತ ದೇಶವೆಲ್ಲಾ ಮುಚ್ಚಲ್ಪಟ್ಟಾಗ, ದುಡಿಯುವದಕ್ಕೆ ಪಟ್ಟಣಗಳಿಗೆ ಹೋದ ಬಡವರು ಬಸ್ಸಿಲ್ಲದೆ, ರೈಲಿಲ್ಲದೆ, ಬಿಸಿಲಲ್ಲಿ ಗಂಟುಮೂಟೆಗಳನ್ನು ತಲೆಯ ಮೇಲೆ ಹೊತ್ತು ಊರುಗಳ ಕಡೆಗೆ ನಡೆದರು. ಅದನ್ನು ನೋಡಿದವರು ನಿಮ್ಮಲ್ಲಿದ್ದೀರಿ. ಹಾಗೆ ನಡೆದವರೂ ನಿಮ್ಮಲ್ಲಿರಬಹುದು.

ಹೀಗಿರಲಾಗಿ ನಾವು ಕೇಳಬೇಕಾದ ಪ್ರಶ್ನೆ ಒಂದುಂಟು. ದೇವರು ನಂಬಿಗಸ್ತನೆಂದು ಆದಿತ್ಯವಾರದಲ್ಲಿ ಹಾಡುವ ನಾವು, ಸೋಮವಾರ ಗಾಡಿ ಹತ್ತುವಾಗ ಆ ಮಾತಿನಿಂದ ಏನನ್ನು ತಿಳುಕೊಳ್ಳಬೇಕು? ದಾರಿಯಲ್ಲಿ ನಮಗೆ ಏನೂ ಆಗುವದಿಲ್ಲವೆಂಬದೋ? ಹಾಗಾದರೆ ಏನಾದರೂ ಆದಾಗ ನಮ್ಮ ನಂಬಿಕೆಯ ಗತಿ ಏನು? ಇದಕ್ಕೆ ಉತ್ತರವನ್ನು ಎಜ್ರನೆಂಬ ಪ್ರಯಾಣಿಕನಿಂದ ಕಲಿಯೋಣ.

ಎಜ್ರನು ಯೆಹೂದ್ಯರ ಯಾಜಕನೂ ಧರ್ಮಶಾಸ್ತ್ರದ ಪಂಡಿತನೂ ಆಗಿದ್ದನು. ಅವನು ಪಾರಸಿಯ ಅರಸನಾದ ಅರ್ತಷಸ್ತನ ಅಪ್ಪಣೆ ಪಡೆದು, ಬಾಬೆಲಿನಲ್ಲಿ ಸೆರೆಯವರ ಸಂತಾನವಾಗಿದ್ದ ತನ್ನ ಜನರಲ್ಲಿ ಒಂದು ಗುಂಪನ್ನು ಕೂಡಿಸಿಕೊಂಡು ಯೆರೂಸಲೇಮಿಗೆ ಹೊರಟನು. ಆ ದಾರಿ ಸುಮಾರು 900 ಮೈಲು. ಪ್ರಯಾಣವು ನಾಲ್ಕು ತಿಂಗಳು ಹಿಡಿಯಿತು. ಗುಂಪಿನಲ್ಲಿ ಚಿಕ್ಕ ಮಕ್ಕಳಿದ್ದರು. ದೇವಾಲಯಕ್ಕೆಂದು ಕೊಡಲ್ಪಟ್ಟ ಬೆಳ್ಳಿ 650 ತಲಾಂತು, ಬಂಗಾರ 100 ತಲಾಂತು ಅವರ ಕೈಯಲ್ಲಿತ್ತು. ದಾರಿಯಲ್ಲಿ ಹೊಂಚು ಹಾಕುವ ವೈರಿಗಳಿದ್ದರು. ಮಕ್ಕಳು, ಬಂಗಾರ, ಕಳ್ಳರು, ನಾಲ್ಕು ತಿಂಗಳ ದಾರಿ! ಇದಕ್ಕಿಂತ ಅಪಾಯದ ಪ್ರಯಾಣ ಯಾವದು? ಎಜ್ರನು ಅಹವಾ ಎಂಬ ಹೊಳೆಯ ಬಳಿಯಲ್ಲಿ ಅವರೆಲ್ಲರನ್ನು ನಿಲ್ಲಿಸಿ ಉಪವಾಸವನ್ನು ಸಾರಿ, ತಮಗೂ ತಮ್ಮ ಮಕ್ಕಳಿಗೂ ತಮ್ಮ ಸೊತ್ತಿಗೂ ಒಳ್ಳೇ ದಾರಿಯನ್ನು ದೇವರಿಂದ ಬೇಡಿಕೊಂಡನು. ಈ ಸಂಗತಿಯಿಂದ ಮೂರು ಮಾತುಗಳನ್ನು ನಿಮ್ಮ ಮುಂದೆ ಇಡುತ್ತೇನೆ.

1. ಹೊರಡುವಾಗ ನಮ್ಮ ಸಾಕ್ಷಿ

ಎಜ್ರನು ತನ್ನ ಮನಸ್ಸಿನ ಒಂದು ಗುಟ್ಟನ್ನು ಮರೆಮಾಡದೆ ಬರೆದಿಟ್ಟಿದ್ದಾನೆ. ಅರಸನಿಂದ ದಂಡನ್ನೂ ಕುದುರೆಯವರನ್ನೂ ಕೇಳುವದಕ್ಕೆ ಅವನಿಗೆ ನಾಚಿಕೆಯಾಯಿತು. ಯಾಕಂದರೆ ತಮ್ಮ ದೇವರ ಕೈ ತನ್ನನ್ನು ಹುಡುಕುವವರ ಮೇಲೆ ಮೇಲಿಗಾಗಿ ಇರುತ್ತದೆಂದು ಅವನು ಮೊದಲೇ ಅರಸನಿಗೆ ಹೇಳಿದ್ದನು. ಬಾಯಿಂದ ಹಾಗೆ ಹೇಳಿ, ಮರುದಿನವೇ ಅಂಜಿಕೊಂಡು ಅರಮನೆಯ ಬಾಗಿಲಲ್ಲಿ ನಿಂತರೆ ಅರಸನು ಆ ದೇವರ ವಿಷಯವಾಗಿ ಏನೆಂದುಕೊಂಡಾನು?

ಪ್ರಿಯರೇ, ಇಲ್ಲಿ ನಮ್ಮನ್ನು ನಾವು ನೋಡಿಕೊಳ್ಳೋಣ. ನಮ್ಮ ನೆಂಟರ ಮುಂದೆಯೂ ನೆರೆಯವರ ಮುಂದೆಯೂ ನಾವು ಹೇಳಿದ್ದೇನು? ಯೇಸುಸ್ವಾಮಿಯು ನಮ್ಮನ್ನು ಕೊಂಡುಕೊಂಡನು, ಆತನು ನಮ್ಮ ಒಡೆಯನು, ಆತನೇ ನಮ್ಮನ್ನು ಕಾಯುವನು ಎಂಬದಾಗಿ ದೀಕ್ಷಾಸ್ನಾನದ ದಿನದಲ್ಲಿ ಎಲ್ಲರ ಮುಂದೆ ಹೇಳಿದೆವು. ಆದರೆ ಮಗನು ಪುಣೆಗೆ ಹೊರಡುವ ದಿನ ಬಂದಾಗ ಏನಾಗುತ್ತದೆ? ಒಬ್ಬಳು ಅತ್ತೆಯ ಮಾತಿಗೆ ಅಂಜಿ ಅವನ ತೋಳಿಗೆ ಗುಟ್ಟಾಗಿ ದಾರ ಕಟ್ಟಿಸುತ್ತಾಳೆ. ಒಬ್ಬನು ಬೆಕ್ಕು ಅಡ್ಡ ಹೋಯಿತೆಂದು ಬಾಗಿಲಿಂದ ಹಿಂದಿರುಗುತ್ತಾನೆ. ಒಬ್ಬನು ಒಳ್ಳೇ ಗಳಿಗೆ ಯಾವದೆಂದು ಕೇಳಿಸುತ್ತಾನೆ. ಗಾಡಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುತ್ತಾನೆ. ಮಾಂಜ್ರೆಯನ್ನು ದಾಟುವಾಗ ಎಲ್ಲರ ಸಂಗಡ ತಾನೂ ಒಂದು ನಾಣ್ಯವನ್ನು ಎಸೆಯುತ್ತಾನೆ. ಇದನ್ನು ಮಾಡುವ ನೆರೆಯವರನ್ನು ನಾನು ಹಳಿಯುವದಿಲ್ಲ. ಅವರು ತಮಗೆ ತಿಳಿದ ಹಾಗೆ ತಮ್ಮ ಮಕ್ಕಳ ಕ್ಷೇಮವನ್ನು ಹುಡುಕುತ್ತಾರೆ. ನಾನು ಕೇಳುವದು ನಮ್ಮನ್ನೇ. ಎಜ್ರನಿಗೆ ಹತ್ತಿದ ನಾಚಿಕೆ ನಮಗೆ ಯಾಕೆ ಹತ್ತುವದಿಲ್ಲ?

ಇನ್ನೊಂದು ಮೋಸವೂ ಉಂಟು. ಅದು ಕ್ರೈಸ್ತರ ವೇಷ ಹಾಕಿಕೊಂಡು ಬರುತ್ತದೆ. ದಾರವನ್ನು ಬಿಚ್ಚಿದವನು ಅದರ ಸ್ಥಳದಲ್ಲಿ ಶಿಲುಬೆಯನ್ನು ತೂಗಹಾಕುತ್ತಾನೆ; ಎಂದೂ ತೆರೆಯದ ಸತ್ಯವೇದವನ್ನು ಗಾಡಿಯ ಮುಂಭಾಗದಲ್ಲಿ ಇಡುತ್ತಾನೆ; ಇದಿದ್ದರೆ ಏನೂ ಆಗುವದಿಲ್ಲವೆಂದು ನೆನಸುತ್ತಾನೆ. ಇಸ್ರಾಯೇಲ್ಯರು ಒಂದು ಸಾರಿ ಒಡಂಬಡಿಕೆಯ ಮಂಜೂಷವನ್ನು ಹಾಗೆಯೇ ಯುದ್ಧಕ್ಕೆ ಹೊತ್ತುಕೊಂಡು ಹೋದರು; ಅವರು ಸೋತರು, ಮಂಜೂಷವೂ ವೈರಿಗಳ ಪಾಲಾಯಿತು (1 ಸಮುವೇಲ 4). ಶಿಲುಬೆಯು ತಾಯಿತವಲ್ಲ. ದೇವರನ್ನು ಕೊರಳಿಗೆ ಕಟ್ಟಿಕೊಂಡು ನಮ್ಮ ಇಷ್ಟದ ದಾರಿಗೆ ಕರಕೊಂಡು ಹೋಗುವದಕ್ಕಾಗುವದಿಲ್ಲ. ಆತನು ನಡಿಸುವ ದಾರಿಯಲ್ಲಿ ನಾವು ಹೋಗಬೇಕು.

ಹಾಗಾದರೆ ಎಜ್ರನು ದಂಡನ್ನು ಬೇಡವೆಂದ ಹಾಗೆ ನಾವೂ ಎಲ್ಲಾ ಸಹಾಯವನ್ನು ಬೇಡವೆನ್ನಬೇಕೋ? ಇಲ್ಲ. ಹದಿಮೂರು ವರುಷಗಳ ತರುವಾಯ ನೆಹೆಮೀಯನು ಅದೇ ಅರಸನ ಅಪ್ಪಣೆಯಿಂದ ಅದೇ ಪಟ್ಟಣಕ್ಕೆ ಹೋದನು. ಅರಸನು ಅವನ ಸಂಗಡ ದಳವಾಯಿಗಳನ್ನೂ ರಾಹುತರನ್ನೂ ಕಳುಹಿಸಿದನು. ನೆಹೆಮೀಯನು ಅವರನ್ನು ಹಿಂದಕ್ಕೆ ಕಳುಹಿಸಲಿಲ್ಲ (ನೆಹೆಮೀಯನು 2:9). ಅವನು ಅಪನಂಬಿಕೆಯವನೋ? ಅರಸನು ಮಾತಾಡುತ್ತಿರುವಾಗಲೇ ಒಳಗೊಳಗೆ ಪರಲೋಕದ ದೇವರಿಗೆ ಪ್ರಾರ್ಥಿಸಿದವನು ಅವನು. ಎಜ್ರನು ಸಾಕ್ಷಿಯ ನಿಮಿತ್ತ ದಂಡನ್ನು ಬಿಟ್ಟನು. ನೆಹೆಮೀಯನು ದೇವರ ದಾನವೆಂದು ದಂಡನ್ನು ತಕ್ಕೊಂಡನು. ಇಬ್ಬರೂ ಬೇರೆ ದೇವರ ಬಾಗಿಲಿಗೆ ಹೋಗಲಿಲ್ಲ. ದೇವರು ಸೃಷ್ಟಿಯಲ್ಲಿ ಕೊಟ್ಟ ಸಹಾಯವನ್ನು ಸ್ತೋತ್ರದೊಡನೆ ತಕ್ಕೊಳ್ಳುವದು ಬೇರೆ; ಆತನನ್ನು ಬಿಟ್ಟು ಇನ್ನೊಬ್ಬ ಕಾವಲುಗಾರನನ್ನು ಹುಡುಕುವದು ಬೇರೆ. ಈ ಎರಡರ ಭೇದವನ್ನು ತಿಳಿದವನು ದಾರಿಯಲ್ಲಿ ಹೇಗೆ ನಡೆಯಬೇಕೆಂಬದನ್ನು ಈಗ ನೋಡೋಣ.

2. ದಾರಿಯಲ್ಲಿ ನಮ್ಮ ಎಚ್ಚರ

ಎಜ್ರನು ಉಪವಾಸ ಮಾಡಿದನು. ಮತ್ತು ತೂಕ ಮಾಡಿದನು. ಈ ಎರಡನೆಯದನ್ನು ನಾವು ಮರೆಯುತ್ತೇವೆ. ಪ್ರಾರ್ಥನೆ ಮುಗಿದ ಮೇಲೆ ಅವನು ಯಾಜಕರಲ್ಲಿ ಹನ್ನೆರಡು ಮಂದಿ ಮುಖ್ಯಸ್ಥರನ್ನು ಪ್ರತ್ಯೇಕಿಸಿ, ಬೆಳ್ಳಿಬಂಗಾರಗಳನ್ನು ಅವರ ಕೈಯಲ್ಲಿ ತೂಗಿ ಕೊಟ್ಟು, ಎಚ್ಚರವಾಗಿದ್ದು ಕಾಯಿರಿ ಎಂದು ಆಜ್ಞಾಪಿಸಿದನು. ಯೆರೂಸಲೇಮಿಗೆ ತಲಪಿದ ನಾಲ್ಕನೆಯ ದಿವಸ ತಿರಿಗಿ ತೂಗಿಸಿ ಲೆಕ್ಕ ಬರೆಯಿಸಿದನು. ದೇವರು ಕಾಯುತ್ತಾನೆಂದು ನಂಬಿದ ಮನುಷ್ಯನು ತಕ್ಕಡಿಯನ್ನು ಕೆಳಗೆ ಇಡಲಿಲ್ಲ.

ಪೌಲನ ಸಮುದ್ರಪ್ರಯಾಣದಲ್ಲಿಯೂ ಇದನ್ನೇ ಕಾಣುತ್ತೇವೆ. ಚಳಿಗಾಲ ಹತ್ತಿರವಾಯಿತು, ಈಗ ಹೊರಟರೆ ಸರಕಿಗೂ ಹಡಗಿಗೂ ಪ್ರಾಣಗಳಿಗೂ ಕೇಡಾಗುವದೆಂದು ಅವನು ಮೊದಲೇ ಹೇಳಿದನು. ಶತಾಧಿಪತಿಯು ಪೌಲನ ಮಾತಿಗಿಂತ ಹಡಗಿನ ಯಜಮಾನನ ಮಾತನ್ನು ಹೆಚ್ಚಾಗಿ ನಂಬಿದನು. ತೆಂಕಣ ಗಾಳಿ ಮೆಲ್ಲಗೆ ಬೀಸಿದ್ದನ್ನು ಕಂಡು ಅವರು ಹೊರಟರು. ತರುವಾಯ ಬಿರುಗಾಳಿ ಬಂತು. ಹದಿನಾಲ್ಕು ರಾತ್ರಿ ಅವರು ಅಲೆದರು. ಆಗ ದೇವರ ದೂತನು ಪೌಲನ ಬಳಿಯಲ್ಲಿ ನಿಂತು, ಹಡಗಿನವರಲ್ಲಿ ಒಬ್ಬರ ಪ್ರಾಣವೂ ನಷ್ಟವಾಗುವದಿಲ್ಲವೆಂದು ಮಾತು ಕೊಟ್ಟನು. ಅವರು ಒಟ್ಟು 276 ಮಂದಿ. ಮಾತು ಕೊಟ್ಟವನು ದೇವರು. ಅದನ್ನು ನಂಬಿದವನು ಪೌಲನು. ಆದರೂ ನಾವಿಕರು ಚಿಕ್ಕ ದೋಣಿಯನ್ನು ಇಳಿಸಿ ಓಡಿಹೋಗುವದಕ್ಕೆ ಯತ್ನಿಸಿದಾಗ, ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಬದುಕುವದಿಲ್ಲವೆಂದು ಅದೇ ಪೌಲನು ಶತಾಧಿಪತಿಗೆ ಹೇಳಿದನು. ಬಹು ದಿವಸ ಉಪವಾಸವಿದ್ದವರಿಗೆ, ಉಣ್ಣಿರಿ, ನಿಮಗೆ ಬಲ ಬೇಕು ಎಂದು ಹೇಳಿ ತಾನೇ ರೊಟ್ಟಿ ಮುರಿದನು. ಕಡೆಗೆ ಹಡಗು ಒಡೆಯಿತು. ಈಜಬಲ್ಲವರು ಈಜಿದರು, ಉಳಿದವರು ಹಲಗೆಗಳ ಮೇಲೆ ದಡ ಸೇರಿದರು. ದೇವರ ಮಾತು ನಾವಿಕರ ಕೈಯಿಂದಲೂ ಒಂದು ತುತ್ತು ರೊಟ್ಟಿಯಿಂದಲೂ ಒಡೆದ ಹಲಗೆಯಿಂದಲೂ ನೆರವೇರಿತು. ಅಲ್ಲದೆ ದೇವರು ಪ್ರಾಣಗಳನ್ನು ಕೊಟ್ಟನು, ಹಡಗನ್ನು ಉಳಿಸಲಿಲ್ಲ ಎಂಬದನ್ನೂ ನೆನಪಿನಲ್ಲಿಡಿರಿ.

ಆದದರಿಂದ, ಎಚ್ಚರವಿಲ್ಲದೆ ನಡೆದು ಅದನ್ನು ನಂಬಿಕೆಯೆಂದು ಕರೆಯಬಾರದು. ಸೈತಾನನು ನಮ್ಮ ಕರ್ತನನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ದೇವರ ದೂತರು ಕೈಗಳಲ್ಲಿ ಎತ್ತಿಕೊಳ್ಳುವರು, ಕೆಳಕ್ಕೆ ದುಮುಕು ಎಂದು ಕೀರ್ತನೆಯ ಮಾತಿನಿಂದಲೇ ಶೋಧಿಸಿದನು. ಕರ್ತನು ದುಮುಕಲಿಲ್ಲ, ದೇವರನ್ನು ಪರೀಕ್ಷಿಸಬಾರದೆಂದು ಉತ್ತರ ಕೊಟ್ಟನು. ಸೇತುವೆಯ ಮೇಲೆ ಕೆಂಪು ನೀರು ಹರಿಯುವಾಗ, ಪ್ರಾರ್ಥನೆ ಮಾಡಿದ್ದೇನೆ, ದಾಟುತ್ತೇನೆ ಎಂದು ಗಾಡಿ ಹೂಡುವವನು ಯಾರ ಮಾತನ್ನು ಕೇಳುತ್ತಾನೆ? ನೀರು ಇಳಿಯುವ ತನಕ ದಡದಲ್ಲಿ ಕೂತುಕೊಳ್ಳುವದೂ ನಂಬಿಕೆಯ ಕೆಲಸವೇ. ಮೋಟಾರ ಸೈಕಲ್ಲನ್ನು ಹತ್ತುವವನು ತಲೆಗೆ ಹೆಲ್ಮೆಟ್ಟು ಹಾಕಿಕೊಳ್ಳಲಿ. ಅದರ ಮೇಲೆ ಹೆಂಡತಿಯನ್ನೂ ಮೂರು ಮಕ್ಕಳನ್ನೂ ಹೇರದಿರಲಿ. ಕುಡಿದವನು ನಡಿಸುವ ಗಾಡಿಯನ್ನು ಹತ್ತಬೇಡಿರಿ, ಅವನು ನಿಮ್ಮ ಸ್ವಂತ ತಮ್ಮನಾದರೂ ಹತ್ತಬೇಡಿರಿ. ರಾತ್ರಿಯೆಲ್ಲಾ ನಿದ್ರೆಗೆಟ್ಟ ಡ್ರೈವರನಿಗೆ ಒಂದು ತಾಸು ಮಲಗು ಎಂದು ಹೇಳುವದಕ್ಕೆ ನಾಚಬೇಡಿರಿ. ಗುತ್ತಿಗೆದಾರನು ಟ್ರ್ಯಾಕ್ಟರದಲ್ಲಿ ಕುರಿಗಳ ಹಾಗೆ ಜನರನ್ನು ತುಂಬಿದರೆ, ಎಲ್ಲರೂ ಒಂದಾಗಿ ಇನ್ನೊಂದು ಗಾಡಿಯನ್ನು ಕೇಳಿರಿ. ಹೊಸ ಮನೆ ಕಟ್ಟುವವನು ಯಾರೂ ಬೀಳದ ಹಾಗೆ ಮಾಳಿಗೆಯ ಸುತ್ತಲೂ ಗೋಡೆ ಕಟ್ಟಬೇಕೆಂದು ಮೋಶೆಯ ಧರ್ಮಶಾಸ್ತ್ರವು ಆಜ್ಞಾಪಿಸುತ್ತದೆ (ಧರ್ಮೋಪದೇಶಕಾಂಡ 22:8). ಮಾಳಿಗೆಯ ಗೋಡೆಯ ಚಿಂತೆ ಮಾಡಿದ ದೇವರು ನಿಮ್ಮ ಗಾಡಿಯ ಬ್ರೇಕಿನ ಚಿಂತೆ ಮಾಡುವದಿಲ್ಲವೆಂದು ತಿಳಿಯಬೇಡಿರಿ.

ದಾರಿಯ ಅಪಾಯವು ಶರೀರಕ್ಕೆ ಮಾತ್ರವಲ್ಲ. ಊರಲ್ಲಿ ಆದಿತ್ಯವಾರ ತಪ್ಪದೆ ಗುಡಿಗೆ ಬಂದವನು ಹೈದರಾಬಾದದ ಕೆಲಸದ ಸ್ಥಳದಲ್ಲಿ ತನ್ನ ಹೆಸರನ್ನೇ ಬದಲಾಯಿಸಿ ಹೇಳುತ್ತಾನೆ. ಸಂಬಳದ ದಿನ ಸೆರೆಯಂಗಡಿಯಲ್ಲಿ ಕೂಡುತ್ತಾನೆ. ಯೋಸೇಫನು ಹದಿನೇಳು ವರುಷದವನಾಗಿ ಅನ್ಯದೇಶಕ್ಕೆ ಮಾರಲ್ಪಟ್ಟನು. ಅಲ್ಲಿ ಅವನಿಗೆ ಸಭೆಯಿಲ್ಲ, ತಂದೆಯಿಲ್ಲ, ನೋಡುವವರಿಲ್ಲ. ಆದರೂ ದೇವರು ನೋಡುತ್ತಾನೆಂದು ತಿಳಿದು ಪಾಪಕ್ಕೆ ಬೆನ್ನು ಕೊಟ್ಟನು. ಪರವೂರಿಗೆ ಹೋಗುವ ಯೌವನಸ್ಥರೇ, ಅಲ್ಲಿ ಮೊದಲನೆಯ ವಾರದಲ್ಲಿಯೇ ಒಂದು ಸಭೆಯನ್ನು ಹುಡುಕಿಕೊಳ್ಳಿರಿ. ಒಂಟಿ ಕೊಳ್ಳಿ ಬೇಗ ಆರುತ್ತದೆ.

3. ತಲಪದೆ ಹೋದಾಗ ನಮ್ಮ ನಿರೀಕ್ಷೆ

ಎಜ್ರನು ಸುಖವಾಗಿ ತಲಪಿದನು. ವೈರಿಗಳ ಕೈಯಿಂದಲೂ ಹೊಂಚು ಹಾಕಿದವರ ಕೈಯಿಂದಲೂ ದೇವರು ತಮ್ಮನ್ನು ಬಿಡಿಸಿದನೆಂದು ಅವನು ಬರೆದನು. ಈ ಮಾತನ್ನು ಓದುವಾಗ ನಮ್ಮ ಸಭೆಗಳಲ್ಲಿ ಯಾವ ತಾಯಿಯಾದರೂ ತಲೆಬಾಗಿಸಿ ಅಳಬಹುದು. ಅವಳ ಮಗನೂ ಪ್ರಾರ್ಥನೆ ಮಾಡಿ ಹೊರಟಿದ್ದನು; ಉಪದೇಶಿಯು ಅವನ ತಲೆಯ ಮೇಲೆ ಕೈಯಿಟ್ಟಿದ್ದನು; ಆದರೆ ಅವನು ತಿರಿಗಿ ಬರಲಿಲ್ಲ. ಹೆಣವನ್ನು ಮನೆಗೆ ತಂದ ದಿನವೇ ನೆಂಟರು, ಹಿರಿಯರ ದೇವರನ್ನು ಬಿಟ್ಟಿರಿ, ಹೊರಡುವಾಗ ಕಾಯಿ ಒಡೆಯಲಿಲ್ಲ, ಅದಕ್ಕೆ ಹೀಗಾಯಿತು ಎಂದು ಹೇಳಿರುತ್ತಾರೆ. ಅವಳು ರಾತ್ರಿಯಲ್ಲಿ ತನ್ನೊಳಗೆ, ಕರ್ತನೇ, ನೀನು ಕಾಯುವವನಾದರೆ ನನ್ನ ಮಗನನ್ನು ಯಾಕೆ ಕಾಯಲಿಲ್ಲ ಎಂದು ಕೇಳುತ್ತಾಳೆ.

ಅಮ್ಮಾ, ನಿನ್ನ ಪ್ರಶ್ನೆಯನ್ನು ನಾನು ಪಾಪವೆಂದು ಕರೆಯುವದಿಲ್ಲ. ಲಾಜರನ ಅಕ್ಕಂದಿರಿಬ್ಬರೂ, ನೀನು ಇಲ್ಲಿ ಇದ್ದರೆ ನಮ್ಮ ತಮ್ಮನು ಸಾಯುತ್ತಿರಲಿಲ್ಲವೆಂದು ಕರ್ತನಿಗೆ ಎದುರಾಗಿಯೇ ಹೇಳಿದರು; ಆತನು ಅವರನ್ನು ಗದರಿಸದೆ ಅವರ ಸಂಗಡ ಅತ್ತನು. ನಿನ್ನ ನೆಂಟರ ಮಾತಿಗೆ ಮಾತ್ರ ಕರ್ತನೇ ಉತ್ತರ ಕೊಟ್ಟಿದ್ದಾನೆ. ಸಿಲೋವದ ಗೋಪುರ ಬಿದ್ದು ಹದಿನೆಂಟು ಮಂದಿ ಸತ್ತರು. ಅವರು ಯೆರೂಸಲೇಮಿನಲ್ಲಿ ವಾಸಿಸಿದ ಎಲ್ಲರಿಗಿಂತ ಹೆಚ್ಚು ಅಪರಾಧಿಗಳೆಂದು ನೆನಸುತ್ತೀರೋ ಎಂದು ಆತನು ಜನರನ್ನು ಕೇಳಿ, ಇಲ್ಲವೆಂದು ತಾನೇ ಹೇಳಿದನು (ಲೂಕ 13:4, 5). ಹೀಗಿರಲಾಗಿ, ನಿನ್ನ ಮಗನ ಮರಣವನ್ನು ಯಾರ ತಪ್ಪಿನ ಲೆಕ್ಕಕ್ಕೂ ಬರೆಯುವದಕ್ಕೆ ಮನುಷ್ಯರಿಗೆ ಅಧಿಕಾರವಿಲ್ಲ.

ಹೆರೋದನು ಅಪೊಸ್ತಲನಾದ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದನು. ತರುವಾಯ ಪೇತ್ರನನ್ನೂ ಸೆರೆಯಲ್ಲಿ ಹಾಕಿಸಿದನು. ದೇವದೂತನು ಬಂದು ಅವನನ್ನು ಬಿಡಿಸಿದನು (ಅಪೊಸ್ತಲರ ಕೃತ್ಯಗಳು 12). ಸಭೆಯು ಪೇತ್ರನಿಗೋಸ್ಕರ ಆಸಕ್ತಿಯಿಂದ ಪ್ರಾರ್ಥಿಸಿತು. ಯಾಕೋಬನಿಗೋಸ್ಕರ ಪ್ರಾರ್ಥಿಸಲಿಲ್ಲವೆಂದು ಯಾರು ಹೇಳಬಲ್ಲರು? ಇಬ್ಬರನ್ನೂ ಕರ್ತನು ಪ್ರೀತಿಸಿದನು. ಒಬ್ಬನಿಗೆ ಸೆರೆಯ ಬಾಗಿಲು ತೆರೆಯಿತು, ಮತ್ತೊಬ್ಬನಿಗೆ ಪರಲೋಕದ ಬಾಗಿಲು ತೆರೆಯಿತು. ಇದಕ್ಕೆ ಕಾರಣವನ್ನು ವೇದವು ಹೇಳುವದಿಲ್ಲ. ವೇದವು ಹೇಳದ್ದನ್ನು ನಾನೂ ಹೇಳಲಾರೆನು.

ಆದರೆ ವೇದವು ಹೇಳುವ ಒಂದು ಮಾತುಂಟು, ಅದರ ಮೇಲೆ ನಾವು ನಿಲ್ಲಬಹುದು. ನಮ್ಮ ಕರ್ತನೂ ಒಂದು ಅಪಾಯದ ಪ್ರಯಾಣ ಮಾಡಿದನು. ಯೆರೂಸಲೇಮಿನಲ್ಲಿ ತನಗೆ ಆಗುವದೆಲ್ಲವನ್ನು ತಿಳಿದು, ಮನಸ್ಸನ್ನು ದೃಢಮಾಡಿಕೊಂಡು ಆ ಕಡೆಗೆ ಹೊರಟನು. ಆತನು ಮುಂದೆ ನಡೆದನು. ಶಿಷ್ಯರು ಅಂಜುತ್ತಾ ಹಿಂದೆ ಹೋದರು (ಮಾರ್ಕ 10:32). ಆ ದಾರಿಯ ಕೊನೆಯಲ್ಲಿ ಶಿಲುಬೆಯಿತ್ತು. ತಂದೆಯ ಪ್ರಿಯನಾದ ಮಗನು ಸತ್ತನು, ಹೂಣಲ್ಪಟ್ಟನು. ಆಗ ನೋಡಿದವರಿಗೆ ದೇವರು ಕೈಬಿಟ್ಟ ಹಾಗೆಯೇ ಕಾಣಿಸಿತು. ಆದರೆ ಮೂರನೆಯ ದಿನದಲ್ಲಿ ಸಮಾಧಿಯು ಬರಿದಾಗಿತ್ತು. ದೇವರ ನಂಬಿಗಸ್ತಿಕೆ ಎಂಥದೆಂದು ನೋಡಬೇಕಾದರೆ ಅಲ್ಲಿ ನೋಡಿರಿ. ಆತನು ಮರಣದ ಈಚೆಯಲ್ಲಿ ನಿಂತು ಹೋಗುವ ಕಾವಲುಗಾರನಲ್ಲ, ಅದರ ಆಚೆಗೂ ಕರಕೊಂಡು ಹೋಗುವವನು. ದಾರಿಯಲ್ಲಿ ಅಪಾಯವಿರುವದಿಲ್ಲವೆಂದು ಆತನು ಹೇಳಲಿಲ್ಲ. ಯಾವ ಅಪಾಯವೂ ನಮ್ಮನ್ನು ಆತನ ಕೈಯಿಂದ ಕಿತ್ತುಕೊಳ್ಳುವದಿಲ್ಲವೆಂದು ಹೇಳಿದನು.

ಪೌಲನು ಇದನ್ನು ತಿಳಿದಿದ್ದನು. ಅವನು ಮೂರು ಸಾರಿ ಹಡಗೊಡೆದು ನಷ್ಟಪಟ್ಟವನು. ಹೊಳೆಗಳ ಅಪಾಯ, ಕಳ್ಳರ ಅಪಾಯ, ಕಾಡಿನ ಅಪಾಯಗಳನ್ನು ಕಂಡವನು. ಕಡೆಗೆ ರೋಮಾಪುರದ ಸೆರೆಯಿಂದ ತಿಮೊಥೆಯನಿಗೆ ಬರೆಯುವಾಗ, ಕರ್ತನು ಸಿಂಹದ ಬಾಯಿಂದ ತನ್ನನ್ನು ತಪ್ಪಿಸಿದನೆಂದೂ ಇನ್ನು ಮುಂದೆಯೂ ಎಲ್ಲಾ ಕೇಡಿನಿಂದ ತಪ್ಪಿಸಿ ತನ್ನ ಪರಲೋಕರಾಜ್ಯಕ್ಕೆ ಸೇರಿಸುವನೆಂದೂ ಬರೆದನು. ತನ್ನ ಮರಣ ಹತ್ತಿರವಾಯಿತೆಂದು ಅದೇ ಪತ್ರದಲ್ಲಿ ಅದಕ್ಕೆ ಮುಂಚೆಯೇ ಹೇಳಿದ್ದನು. ಸಾಯುತ್ತೇನೆಂದು ಬಲ್ಲವನು ತಪ್ಪಿಸುವನೆಂದು ಬರೆದದ್ದು ಹೇಗೆ? ಮನೆ ಎಲ್ಲಿದೆಯೆಂದು ಅವನು ಬಲ್ಲವನಾಗಿದ್ದನು.

ಸಾಧು ಸುಂದರಸಿಂಗನ ಹೆಸರನ್ನು ನೀವು ಕೇಳಿದ್ದೀರಿ. ಅವನು ಹಿಮಾಲಯದ ಘಟ್ಟಗಳನ್ನು ದಾಟಿ ತಿಬೇಟಿಗೆ ಸುವಾರ್ತೆಯನ್ನು ಒಯ್ದನು. 1929ನೆಯ ವರುಷದ ಏಪ್ರಿಲ ತಿಂಗಳಲ್ಲಿ ತಿರಿಗಿ ಹೊರಟವನು ಹಿಂದಿರುಗಲಿಲ್ಲ. ಅವನ ಸಮಾಧಿ ಎಲ್ಲಿದೆಯೆಂದು ಯಾವ ಮನುಷ್ಯನೂ ತೋರಿಸಲಾರನು. ಅದಕ್ಕೆ ಬಹು ಮುಂಚೆ, 1834ನೆಯ ವರುಷದ ಅಕ್ಟೋಬರ ತಿಂಗಳಲ್ಲಿ, ಹೇಬಿಕ್, ಲೇನರ್, ಗ್ರೈನರ್ ಎಂಬ ಬಾಸೆಲ್ ಮಿಶನ್ನಿನ ಮೊದಲ ಮೂವರು ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಅವರ ಹಿಂದೆ ಬಂದವರಲ್ಲಿ ಎಷ್ಟೋ ಮಂದಿ ಜ್ವರ ಮೊದಲಾದ ರೋಗಗಳಿಂದ ಎಳೆಯ ವಯಸ್ಸಿನಲ್ಲಿಯೇ ಈ ನಾಡಿನ ಮಣ್ಣನ್ನು ಸೇರಿದರು. ಅವರೆಲ್ಲರೂ ಸುಖವಾಗಿ ಹಿಂದಿರುಗುವೆವೆಂಬ ಚೀಟಿ ಬರೆಯಿಸಿಕೊಂಡು ಹೊರಟವರಲ್ಲ.

ಇಂಥ ಭರವಸವು ಒಂದೇ ದಿನದಲ್ಲಿ ಹುಟ್ಟುವದಿಲ್ಲ. ಜಾನ್ ವೆಸ್ಲಿಯು ಬೋಧಕನಾಗಿ ಅಮೇರಿಕಕ್ಕೆ ಹೋಗುತ್ತಿದ್ದಾಗ, 1736ನೆಯ ವರುಷದ ಜನವರಿ ತಿಂಗಳಲ್ಲಿ, ಸಮುದ್ರದಲ್ಲಿ ದೊಡ್ಡ ಬಿರುಗಾಳಿ ಎದ್ದಿತು. ತೆರೆಯು ಹಡಗಿನ ಮೇಲೆ ಬಿದ್ದು ದೊಡ್ಡ ಹಾಯಿಯನ್ನು ಹರಿದುಹಾಕಿತು. ಇಂಗ್ಲಿಷರು ಕೂಗಿಕೊಂಡರು, ಆದರೆ ಅಲ್ಲಿದ್ದ ಮೊರೇವಿಯ ಸಭೆಯ ಜರ್ಮನರು ತಾವು ಹಾಡುತ್ತಿದ್ದ ಕೀರ್ತನೆಯನ್ನು ನಿಲ್ಲಿಸಲಿಲ್ಲ. ನೀವು ಹೆದರಲಿಲ್ಲವೋ ಎಂದು ವೆಸ್ಲಿಯು ತರುವಾಯ ಅವರಲ್ಲಿ ಒಬ್ಬನನ್ನು ಕೇಳಿದನು. ಅವನು ಇಲ್ಲವೆಂದನು, ತಮ್ಮ ಹೆಂಗಸರೂ ಮಕ್ಕಳೂ ಸಹ ಸಾಯುವದಕ್ಕೆ ಹೆದರುವದಿಲ್ಲವೆಂದು ತಿಳಿಸಿದನು. ವೆಸ್ಲಿಯು ಅವರಲ್ಲಿರುವದು ತನ್ನಲ್ಲಿಲ್ಲವೆಂದು ಕಂಡನು. ತನ್ನ ಅಂಜಿಕೆಯನ್ನು ಮುಚ್ಚಿಡದೆ ಅದನ್ನು ಹುಡುಕುತ್ತಾ ಹೋಗಿ, 1738ನೆಯ ವರುಷದ ಮೇ 24ರ ಸಾಯಂಕಾಲ ಕ್ರಿಸ್ತನೊಬ್ಬನನ್ನೇ ನಂಬುವ ಸಮಾಧಾನವನ್ನು ಪಡೆದನು. ಆ ಮೇಲೆ ಮುಪ್ಪಿನ ತನಕ ಮಳೆಬಿಸಿಲೆನ್ನದೆ ಕುದುರೆಯ ಮೇಲೆ ಊರೂರು ಸುತ್ತಿ ಸಾರಿದನು. ಆದದರಿಂದ ದಾರಿಯಲ್ಲಿ ನಿನ್ನ ಎದೆ ನಡುಗಿದರೆ, ನಾನು ಕ್ರೈಸ್ತನಲ್ಲವೆಂದು ನೆನಸಬೇಡ. ಆ ನಡುಕವನ್ನು ಹಾಗೆಯೇ ಕರ್ತನ ಬಳಿಗೆ ತಕ್ಕೊಂಡು ಹೋಗು.

ಸಭೆಯ ಕೆಲಸ

ಕಡೆಯದಾಗಿ ಮನೆಯಲ್ಲಿ ಉಳಿಯುವವರಿಗೆ ಒಂದು ಮಾತು. 121ನೆಯ ಕೀರ್ತನೆಯು ಯೆರೂಸಲೇಮಿಗೆ ಯಾತ್ರೆ ಹೋಗುವವರ ಹಾಡು. ಅದರ ಎಂಟು ವಚನಗಳಲ್ಲಿ ಕಾಯುವದು ಎಂಬ ಒಂದೇ ಮಾತು ಇಬ್ರಿಯ ಭಾಷೆಯಲ್ಲಿ ಆರು ಸಾರಿ ಬರುತ್ತದೆ. ನಿದ್ರಿಸದವನು ಕಾಯುತ್ತಾನೆ, ಹೋಗುವಾಗಲೂ ಬರುವಾಗಲೂ ಕಾಯುತ್ತಾನೆ, ಈಗಿನಿಂದ ಸದಾಕಾಲದ ತನಕ ಕಾಯುತ್ತಾನೆ. ಊರಿನ ಠಾಣೆಯಲ್ಲಿ ಕಾವಲಿನವನು ಪಾಳಿ ಮುಗಿದ ಮೇಲೆ ಮನೆಗೆ ಹೋಗುತ್ತಾನೆ. ಈ ಕಾವಲುಗಾರನಿಗೆ ಪಾಳಿಯಿಲ್ಲ.

ಆದರೆ ಆತನು ಅನೇಕ ಸಾರಿ ನಮ್ಮ ಕೈಗಳಿಂದಲೇ ಕಾಯುತ್ತಾನೆ. 2020ನೆಯ ವರುಷದ ಬಿಸಿಲಿನಲ್ಲಿ ನಡೆದವರಿಗೆ ದೇವರ ಕಾವಲು ಯಾವ ರೂಪದಿಂದ ಬಂತು? ಗುರುತಿಲ್ಲದವನೊಬ್ಬನು ಕೊಟ್ಟ ತಂಬಿಗೆ ನೀರಾಗಿ ಬಂತು. ದಾರಿಯ ಪಕ್ಕದ ಮನೆಯವರು ಕೊಟ್ಟ ಜೋಳದ ರೊಟ್ಟಿಯಾಗಿ ಬಂತು. ಕೊಟ್ಟವನ ಜಾತಿಯನ್ನು ಹಸಿದವನು ಕೇಳಲಿಲ್ಲ, ಹಸಿದವನ ಮತವನ್ನು ಕೊಟ್ಟವನು ಕೇಳಲಿಲ್ಲ. ಯೆರಿಕೋವಿನ ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರ್ಯದವನ ಹಾಗೆ ನಾವೂ ಮಾಡೋಣ. ರಸ್ತೆಯಲ್ಲಿ ಗಾಡಿ ಮಗುಚಿ ಬಿದ್ದವರನ್ನು ಕಂಡರೆ, ಠಾಣೆಗೆ ತಿರುಗಬೇಕಾದೀತೆಂದು ಅಂಜಿ ದಾಟಿಹೋಗದೆ, ಮೊದಲು ಅವರನ್ನು ಆಸ್ಪತ್ರೆಗೆ ಮುಟ್ಟಿಸಿರಿ.

ತೂರಿನ ಸಭೆಯವರು ಪೌಲನನ್ನು ಕಳುಹಿಸುವದಕ್ಕೆ ಹೆಂಡತಿ ಮಕ್ಕಳ ಸಹಿತವಾಗಿ ಪಟ್ಟಣದ ಹೊರಕ್ಕೆ ಹೋಗಿ, ಸಮುದ್ರದ ದಡದಲ್ಲಿ ಮೊಣಕಾಲೂರಿ ಪ್ರಾರ್ಥಿಸಿದರು (ಅಪೊಸ್ತಲರ ಕೃತ್ಯಗಳು 21:5). ಈ ಒಳ್ಳೇ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಯಾಕಿರಬಾರದು? ದುಡಿಯಲು ಹೋಗುವವರ ಹೆಸರುಗಳನ್ನು ಆದಿತ್ಯವಾರದ ಆರಾಧನೆಯಲ್ಲಿ ಹೇಳಿ ಪ್ರಾರ್ಥಿಸಿರಿ. ಹೊರಡುವ ದಿವಸ ಗಾಡಿಯ ಬಳಿಯಲ್ಲಿ ಸಭೆಯು ಕೂಡಿ ನಿಲ್ಲಲಿ. ಅಲ್ಲಿ ದಾರ ಕಟ್ಟುವವರಿಗೆ ಬದಲಾಗಿ ಕೈ ಹಿಡಿದು ಪ್ರಾರ್ಥಿಸುವವರಿದ್ದರೆ, ಹೊಸದಾಗಿ ನಂಬಿದವನ ಮನಸ್ಸು ಬಲಗೊಳ್ಳುವದು. ಅವರು ಹೋದ ಮೇಲೆ ಮನೆಯಲ್ಲಿರುವ ಮುದುಕಿಗೆ ನೀರು ತಂದು ಕೊಡಿರಿ. ಅವರು ತಿರಿಗಿ ಬಂದಾಗ, ಎಜ್ರನ ಜನರು ತಲಪಿದ ಮೇಲೆ ಕಾಣಿಕೆ ಅರ್ಪಿಸಿದ ಹಾಗೆ, ಸಭೆಯಲ್ಲಿ ನಿಂತು ಸ್ತೋತ್ರ ಹೇಳಲಿ. ಯಾವನಾದರೂ ತಿರಿಗಿ ಬರದಿದ್ದರೆ, ಆ ತಾಯಿಯ ಸಂಗಡ ಮಾತಿಲ್ಲದೆ ಕೂತುಕೊಳ್ಳಿರಿ. ಅವಳ ಮಗನನ್ನು ಕರ್ತನು ಕೈಬಿಡಲಿಲ್ಲವೆಂದು ನೀವು ನಂಬುವದನ್ನು, ಅವಳನ್ನು ನೀವು ಕೈಬಿಡದೆ ಇರುವದರಿಂದ ಅವಳು ತಿಳಿಯಲಿ.

ಪ್ರಾರ್ಥಿಸೋಣ. ನಿದ್ರಿಸದ ಕಾವಲುಗಾರನಾದ ಕರ್ತನೇ, ದಾರಿಯಲ್ಲಿರುವ ನಮ್ಮವರನ್ನು ನಿನ್ನ ಕೈಗೆ ಒಪ್ಪಿಸುತ್ತೇವೆ. ಹೊರಡುವಾಗ ನಿನ್ನನ್ನೇ ನಂಬುವ ಧೈರ್ಯವನ್ನೂ, ನಡೆಯುವಾಗ ಎಚ್ಚರವನ್ನೂ, ಪರವೂರಲ್ಲಿ ಶುದ್ಧ ಮನಸ್ಸನ್ನೂ ಅವರಿಗೆ ಕೊಡು. ಮಗನನ್ನು ಕಳಕೊಂಡ ಮನೆಗಳಲ್ಲಿ ನೀನೇ ವಾಸಮಾಡು. ನಮ್ಮೆಲ್ಲರ ದಾರಿ ಮುಗಿಯುವ ದಿನದಲ್ಲಿ, ನಮಗಿಂತ ಮುಂದೆ ನಡೆದ ನಿನ್ನ ಮಗನ ನಿಮಿತ್ತ ನಮ್ಮನ್ನು ನಿನ್ನ ಮನೆಗೆ ಸೇರಿಸು. ಆಮೆನ್.